ನಾವು ಹಂಚದೆಯೂ ಹಂಚಿಹೋದ ವಿವರಗಳು

2023ರ ಅಕ್ಟೋಬರ್ ಹೊತ್ತಿಗೆ ಬೆಂಗಳೂರು, ಮಂಗಳೂರಿನ ಪೊಲೀಸ್ ಠಾಣೆಗಳಿಗೆ ಒಂದೇ ಥರದ ದೂರುಗಳು ಬರತೊಡಗಿದವು. ಖಾತೆಯಿಂದ ದುಡ್ಡು ಹೋಗಿದೆ. ಓಟಿಪಿ ಬಂದಿಲ್ಲ, ಯಾರೂ ಫೋನ್ ಮಾಡಿಲ್ಲ, ಯಾವ ಲಿಂಕನ್ನೂ ಒತ್ತಿಲ್ಲ, ಎಟಿಎಂ ಕಾರ್ಡು ಜೇಬಿನಲ್ಲೇ ಇದೆ. ಆಧಾರ್ ಮೂಲಕ ಹಣ ತೆಗೆಯಲಾಗಿದೆ ಅಂತ ಒಂದು ಮೆಸೇಜು ಬಂದಿದೆ, ಅಷ್ಟೇ. ಹೀಗೆ ದುಡ್ಡು ಕಳೆದುಕೊಂಡವರಲ್ಲಿ ಹಲವರು ಅದಕ್ಕೆ ಸ್ವಲ್ಪ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸೈಟೋ ಮನೆಯೋ ನೋಂದಣಿ ಮಾಡಿಸಿದ್ದವರು.

ಜಮೀನು ಕೊಂಡವರಿಗೆ ಕ್ರಯಪತ್ರದಲ್ಲಿ ಏನೇನಿರುತ್ತದೆ ಅಂತ ಗೊತ್ತು. ಕೊಟ್ಟವರು, ಕೊಂಡವರು, ಸಾಕ್ಷಿಗಳು, ಎಲ್ಲರ ಹೆಸರು, ತಂದೆಯ ಹೆಸರು, ವಿಳಾಸ, ಫೋಟೊ, ಸಹಿ. ಜೊತೆಗೆ ಆಧಾರ್ ಸಂಖ್ಯೆ, ಎಡಗೈ ಹೆಬ್ಬೆರಳಿನ ಗುರುತು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಇಂಥ ಪತ್ರಗಳ ಪ್ರತಿ ತೆಗೆದುಕೊಳ್ಳುವ ವ್ಯವಸ್ಥೆ ಇತ್ತು. ಇರಬೇಕಾದ್ದೇ. ಕೊಳ್ಳುವ ಮುಂಚೆ ಪತ್ರ ಸರಿಯಿದೆಯಾ ಅಂತ ನೋಡುವ ಹಕ್ಕು ಕೊಳ್ಳುವವನಿಗೆ ಬೇಕು. ಆದರೆ ಪೊಲೀಸರು ಹೊರರಾಜ್ಯದಿಂದ ಹಿಡಿದು ತಂದ ಆರೋಪಿಗಳು ಆ ಪ್ರತಿಗಳನ್ನು ಇಳಿಸಿಕೊಂಡಿದ್ದು ಬೇರೆಯದೇ ಕೆಲಸಕ್ಕೆ ಅಂತ ತನಿಖೆ ಹೇಳಿತು. ಹಾಳೆಯ ಮೇಲಿನ ಹೆಬ್ಬೆರಳ ಗುರುತನ್ನು ಎತ್ತಿ, ಸಿಲಿಕಾನ್‌ನಲ್ಲಿ ಅಚ್ಚು ಮಾಡಿ, ಅದೇ ಹಾಳೆಯಲ್ಲಿದ್ದ ಆಧಾರ್ ಸಂಖ್ಯೆ ಜೊತೆ ಸೇರಿಸಿ ದುಡ್ಡು ತೆಗೆಯುವುದು.

ಇದು ಹೇಗೆ ಸಾಧ್ಯವಾಯಿತು ಅಂತ ತಿಳಿಯಬೇಕಾದರೆ ‘ಎಇಪಿಎಸ್’ ಅನ್ನುವ, ಆಧಾರ್ ಮೂಲಕ ಬ್ಯಾಂಕ್ ವಹಿವಾಟು ನಡೆಸುವ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಊರಿನಲ್ಲಿ ಬ್ಯಾಂಕ್ ಮಿತ್ರ ಅಂತ ಒಬ್ಬರಿರುತ್ತಾರಲ್ಲ, ಅಂಗೈ ಅಗಲದ ಯಂತ್ರ ಇಟ್ಟುಕೊಂಡು ದುಡ್ಡು ಕೊಡುವವರು, ಅವರ ಕೆಲಸ ನಡೆಯುವುದು ಇದರ ಮೇಲೆ. ಬ್ಯಾಂಕಿನ ಹೆಸರು ಹೇಳಬೇಕು, ಆಧಾರ್ ಸಂಖ್ಯೆ ಕೊಡಬೇಕು, ಬೆರಳು ಒತ್ತಬೇಕು. ಮುಗಿಯಿತು. ಪಿನ್ ಇಲ್ಲ, ಓಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪೇಟೆಯ ಬ್ಯಾಂಕಿಗೆ ಬಸ್ಸು ಹತ್ತಿ ಹೋಗಲಾಗದ, ಚೆಲ್ಲಾನ್ ಬರೆಯಲು ಬಾರದ ವಯಸ್ಸಾದವರಿಗೆ ಇದರಿಂದ ನಿಜವಾಗಲೂ ಉಪಕಾರ ಆಗಿದೆ. ನಮ್ಮೂರಲ್ಲೇ ಕಣ್ಣಾರೆ ಕಂಡಿದ್ದೇನೆ. ಆದರೆ ಆಧಾರ್ ಜೋಡಣೆಯಾದ ಎಷ್ಟೋ ಖಾತೆಗಳಲ್ಲಿ ಈ ಬಾಗಿಲು ತಾನಾಗಿಯೇ ತೆರೆದುಕೊಂಡಿತ್ತು. ಖಾತೆದಾರರಿಗೆ ಅಂಥದ್ದೊಂದು ಇದೆ ಅಂತ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ಆಮೇಲೆ ಪತ್ರಗಳಲ್ಲಿ ಬೆರಳಗುರುತು, ಆಧಾರ್ ಸಂಖ್ಯೆ ಕಾಣದಂತೆ ಮಾಡುವ ಕೆಲಸಕ್ಕೆ ಸರ್ಕಾರ ಕೈ ಹಾಕಿತು. ಒಳ್ಳೆಯದೇ ಆಯಿತು. ಆದರೆ ಅಷ್ಟರೊಳಗೆ ಇಳಿಸಿಕೊಂಡು ಹೋದವರ ಕೈಯಲ್ಲಿರುವ ಪ್ರತಿಗಳನ್ನು ಯಾರು ವಾಪಸ್ ತರುತ್ತಾರೆ? ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಕಾರ್ಡು ಹೋದರೆ ಬ್ಲಾಕ್ ಮಾಡಿಸಿ ಹೊಸದು ತರಿಸಬಹುದು. ಹೆಬ್ಬೆರಳು ಹುಟ್ಟಿದಾಗ ಬಂದದ್ದು, ಸಾಯುವವರೆಗೂ ಅದೇ.

ಈ ಪ್ರಕರಣ ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣ ಇದೆ. ಆನ್‌ಲೈನ್ ಮೋಸದ ಸುದ್ದಿ ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, “ನೀವ್ಯಾಕೆ ಕೊಟ್ರಿ?” ಮನೆಯಲ್ಲೂ ಅದೇ, ಬ್ಯಾಂಕಿನಲ್ಲೂ ಅದೇ, ಠಾಣೆಯಲ್ಲೂ ಅದೇ. ವೈಯಕ್ತಿಕ ಮಾಹಿತಿ ಹಂಚಿಕೊಳ್ಳಬೇಡಿ ಅಂತ ಪೋಸ್ಟರಿನ ಮೇಲೆ ಪೋಸ್ಟರು. ಇವರು ಯಾರಿಗೂ ಏನೂ ಹಂಚಿರಲಿಲ್ಲ. ನೋಂದಣಿ ಕಚೇರಿ ಕೇಳಿತು, ಕೊಟ್ಟರು. ಹೆಬ್ಬೆಟ್ಟು ಒತ್ತದಿದ್ದರೆ ಮನೆ ನೋಂದಣಿಯೇ ಆಗುತ್ತಿರಲಿಲ್ಲ. ಹಂಚಿಕೆ ಅಂದ ಕೂಡಲೇ ಫೇಸ್‌ಬುಕ್ಕಿನಲ್ಲಿ ಊಟದ ಫೋಟೊ ಹಾಕುವ ಹುಡುಗರನ್ನು ನೆನೆಸಿಕೊಳ್ಳುತ್ತೇವೆ. ನನ್ನ ಪ್ರಕಾರ ದೊಡ್ಡ ಅಪಾಯ ಇರುವುದು ಬೇರೆ ಎರಡು ಕಡೆ. ಒಂದು, ನಮಗೆ ಕೊಡದೆ ಗತ್ಯಂತರವಿಲ್ಲದ ಕಡೆ. ಇನ್ನೊಂದು, ನಮ್ಮವರು ಪ್ರೀತಿಯಿಂದ ನಮ್ಮ ಪರವಾಗಿ ಹಂಚುವ ಕಡೆ. ಎರಡರಲ್ಲೂ ನಮ್ಮನ್ನು ಯಾರೂ ಕೇಳಿರುವುದಿಲ್ಲ.

ಮೊದಲನೆಯದಕ್ಕೆ ಉದಾಹರಣೆ ಬೇಕಾದರೆ ನಿಮ್ಮ ಬಡಾವಣೆಯ ಜೆರಾಕ್ಸ್ ಅಂಗಡಿಗೆ ಒಮ್ಮೆ ಹೋಗಿ ನಿಂತುಕೊಳ್ಳಿ. ಕಾಲೇಜು ಪ್ರವೇಶದ ದಿನಗಳಲ್ಲಾದರೆ ಇನ್ನೂ ಒಳ್ಳೆಯದು. ನಾನು ಹೋಗುವ ಅಂಗಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಮೊಬೈಲ್ ನಂಬರು ಅಂಟಿಸಿದ್ದಾರೆ. “ವಾಟ್ಸಾಪ್ ಮಾಡಿ ಸಾರ್, ಪ್ರಿಂಟ್ ತೆಗೀತೀನಿ.” ಕಂಪ್ಯೂಟರಿನ ಪರದೆ ಗಿರಾಕಿಗಳ ಕಡೆಗೇ ತಿರುಗಿದೆ. ವಾಟ್ಸಾಪ್ ತೆರೆದಿರುತ್ತದೆ, ಹೆಸರಿಲ್ಲದ ನಂಬರುಗಳ ಉದ್ದನೆಯ ಸಾಲು. ಒಂದನ್ನು ತೆರೆದರೆ ಆಧಾರ್ ಕಾರ್ಡಿನ ಎರಡೂ ಬದಿ. ಇನ್ನೊಂದರಲ್ಲಿ ಪಾಸ್‌ಬುಕ್ಕಿನ ಮೊದಲ ಪುಟ. ಮತ್ತೊಂದರಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಯಾರದೋ ತಾಯಿಯ ಸ್ಕ್ಯಾನಿಂಗ್ ರಿಪೋರ್ಟು. ಡೌನ್‌ಲೋಡ್ ಫೋಲ್ಡರು ತೆರೆದರೆ ಮೌಸಿನ ಚಕ್ರ ತಿರುಗಿಸುತ್ತಲೇ ಇರಬೇಕು. ಕೌಂಟರಿನ ಕೆಳಗೆ ಅರ್ಧ ಬಂದ, ಮಸುಕಾಗಿ ಬಂದ ಪ್ರತಿಗಳ ಗುಡ್ಡೆ. ಅದರ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಾರೆ.

ಅಂಗಡಿಯವರು ಒಳ್ಳೆಯವರು, ಆ ಬಗ್ಗೆ ನನಗೆ ಅನುಮಾನವಿಲ್ಲ. ಕೆಲಸ ಮುಗಿದ ಮೇಲೆ ಅಳಿಸಬಾರದಾ ಅಂತ ಕೇಳಿದೆ. “ಅಳಿಸ್ತಾ ಕೂತ್ರೆ ಪ್ರಿಂಟ್ ತೆಗೆಯೋದ್ಯಾವಾಗ ಸಾರ್? ಮತ್ತೆ ನಾಳೆ ಬಂದು ಅದೇ ಇನ್ನೊಂದು ಕಾಪಿ ಕೊಡಿ ಅಂತಾರೆ,” ಅಂದರು. ಅದೂ ನಿಜವೇ. ಅವರ ಅಂಗಡಿಗೆ ಕೆಲಸಕ್ಕೆ ಬರುವ ಹುಡುಗರು ಬದಲಾಗುತ್ತಿರುತ್ತಾರೆ. ಕಂಪ್ಯೂಟರು ಕೆಟ್ಟರೆ ರಿಪೇರಿಗೆ ಹೋಗುತ್ತದೆ. ಹಳೆಯದಾದರೆ ಮಾರಾಟವಾಗುತ್ತದೆ. ಅದರೊಳಗೆ ಒಂದು ಬಡಾವಣೆಗೆ ಬಡಾವಣೆಯೇ ಕೂತಿದೆ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್‌ನ ಜೆರಾಕ್ಸ್ ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ದುರ್ಬಳಕೆ ಆಗಬಹುದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ. ಸೈಬರ್ ಕೆಫೆಯಲ್ಲಿ ಇಳಿಸಿಕೊಂಡರೆ ಆ ಕಂಪ್ಯೂಟರಿನಿಂದ ಶಾಶ್ವತವಾಗಿ ಅಳಿಸಿ ಬನ್ನಿ, ಇಷ್ಟೇ ಅದರ ಸಾರ. ಸರಳ, ಉಪಯುಕ್ತ ಮಾತು. ಎರಡೇ ದಿನಕ್ಕೆ, ಮೇ 29ಕ್ಕೆ, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ತಪ್ಪು ಅರ್ಥಕ್ಕೆ ಎಡೆಯಾಗಬಹುದು, ಜನ ಮಾಮೂಲಿ ಎಚ್ಚರಿಕೆ ವಹಿಸಿದರೆ ಸಾಕು ಅಂತ ಕಾರಣ ಕೊಟ್ಟಿತು. ನನಗೆ ಇದು ಇವತ್ತಿಗೂ ಬೇಸರದ ಸಂಗತಿ. ಆ ಪ್ರಕಟಣೆ ಉಳಿದಿದ್ದರೆ ಲಾಡ್ಜಿನ ಕೌಂಟರಿನಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ “ಪೂರ್ತಿ ನಂಬರ್ ಇರೋದೇ ಬೇಕು” ಅನ್ನುವವರ ಮುಂದೆ ಹಿಡಿಯಲು ನಮ್ಮ ಕೈಯಲ್ಲಿ ಒಂದು ಕಾಗದವಾದರೂ ಇರುತ್ತಿತ್ತು. ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳುವ ಸೌಲಭ್ಯ ಆಗಲೂ ಇತ್ತು, ಈಗಲೂ ಇದೆ. ಅದನ್ನು ಕೊಟ್ಟರೆ ಒಪ್ಪಿಕೊಳ್ಳಿ ಅಂತ ಕೌಂಟರಿನ ಆಚೆ ಕೂತವರಿಗೆ ಗಟ್ಟಿಯಾಗಿ ಹೇಳುವವರು ಬೇಕು.

ನಾನು ಈಗ ಮಾಡುವುದಿಷ್ಟು. ಎಲ್ಲಿ ನಡೆಯುತ್ತದೋ ಅಲ್ಲಿ ಮಾಸ್ಕ್ಡ್ ಪ್ರತಿ ಕೊಡುತ್ತೇನೆ. ಪೂರ್ತಿ ಕೊಡಲೇಬೇಕಾದ ಕಡೆ ಪ್ರತಿಯ ಮೇಲೆ ಅಡ್ಡಡ್ಡವಾಗಿ, ಅಕ್ಷರಗಳನ್ನು ಹಾಯ್ದುಹೋಗುವ ಹಾಗೆ, ಯಾವ ಕೆಲಸಕ್ಕೆ ಅಂತ ಬರೆದು ತಾರೀಖು ಹಾಕಿ ಸಹಿ ಮಾಡುತ್ತೇನೆ. ಜೆರಾಕ್ಸ್ ಅಂಗಡಿಗೆ ಆದಷ್ಟು ಮೂಲ ಕಾರ್ಡನ್ನೇ ಒಯ್ಯುತ್ತೇನೆ. ವಾಟ್ಸಾಪ್ ಮಾಡಲೇಬೇಕಾಗಿ ಬಂದರೆ ಎದುರಿಗೆ ನಿಂತು ಅಳಿಸಿಕೊಂಡು ಬರುತ್ತೇನೆ. ಮುಖ ಸಿಂಡರಿಸುತ್ತಾರೆ, ಆದರೆ ಅಳಿಸುತ್ತಾರೆ.

ಎರಡನೆಯದರ ಬಗ್ಗೆ ಬರೆಯುವುದು ಕಷ್ಟ, ಯಾಕೆಂದರೆ ಅಲ್ಲಿ ಎದುರಿಗಿರುವವರೆಲ್ಲ ನಮ್ಮ ಸೋದರಮಾವ, ಚಿಕ್ಕಮ್ಮ, ಅತ್ತಿಗೆಯರು.

ಮದುವೆಯ ಬಯೋಡೇಟಾ ಗೊತ್ತಲ್ಲ? ಮೇಲೆ ಗಣಪತಿಯ ಚಿತ್ರ, ಕೆಳಗೆ ಹುಡುಗಿಯ ಹೆಸರು. ನಮ್ಮ ಚಿಕ್ಕಪ್ಪನ ಮಗಳದು ಹೋದ ವರ್ಷ ಒಂದು ಸಮುದಾಯದ ವಾಟ್ಸಾಪ್ ಗುಂಪಿನಲ್ಲಿ ಬಂತು. “ಒಳ್ಳೆಯ ಮನೆತನ, ಆಸಕ್ತರು ಸಂಪರ್ಕಿಸಿ” ಅಂತ ಯಾರೋ ಹಾಕಿದ್ದರು. ಅವಳಿಗೆ ಮದುವೆಯಾಗಿ ಮಗುವಿಗೆ ನಾಮಕರಣವೂ ಆಗಿತ್ತು. ಆ ಹಾಳೆಯನ್ನು ಆಗ ನಾನು ನಿಧಾನವಾಗಿ, ಹೊರಗಿನವನೊಬ್ಬ ಓದುವ ಹಾಗೆ ಓದಿದೆ. ಹುಟ್ಟಿದ ದಿನ, ಗಂಟೆ, ನಿಮಿಷ, ಊರು. ನಕ್ಷತ್ರ, ಪಾದ, ಗೋತ್ರ. ಓದಿದ ಕಾಲೇಜು, ಕೆಲಸ ಮಾಡುವ ಕಂಪನಿ, ಅದರ ಯಾವ ಶಾಖೆ, ಸಂಬಳ ಎಷ್ಟು. ಅಪ್ಪನ ಹೆಸರು, ನಿವೃತ್ತಿಯಾದ ಇಲಾಖೆ. ಅಮ್ಮನ ಹೆಸರು, ಅಮ್ಮನ ತವರೂರು. ಅಣ್ಣ ಎಲ್ಲಿದ್ದಾನೆ, ಅತ್ತಿಗೆ ಏನು ಮಾಡುತ್ತಾಳೆ. ತಿಪಟೂರಿನಲ್ಲಿ ಸ್ವಂತ ಮನೆ, ಮೇಲಿನ ಮಹಡಿ ಬಾಡಿಗೆಗೆ; ಊರಿನಲ್ಲಿ ತೆಂಗಿನ ತೋಟ, ಎಕರೆ ಸಮೇತ. ಮನೆಯ ಪೂರ್ತಿ ವಿಳಾಸ, ಪಿನ್‌ಕೋಡು. ಮೂರು ಮೊಬೈಲ್ ನಂಬರು. ಸೀರೆಯಲ್ಲಿ ಒಂದು ಫೋಟೊ, ಚೂಡಿದಾರದಲ್ಲಿ ಒಂದು.

ಬ್ಯಾಂಕಿನವರು ಫೋನಿನಲ್ಲಿ ನೀವೇನಾ ಅಂತ ಖಾತ್ರಿ ಮಾಡಿಕೊಳ್ಳಲು ಏನು ಕೇಳುತ್ತಾರೆ? ಹುಟ್ಟಿದ ದಿನ, ವಿಳಾಸ, ಕೆಲವು ಕಡೆ ತಾಯಿಯ ಹೆಸರು. ಎಲ್ಲವೂ ಇಲ್ಲೇ ಇದೆ. ಕಳ್ಳನಿಗೆ ಬೇಕಾದ್ದು ಇನ್ನೂ ಇದೆ: ಈ ಮನೆಯಲ್ಲಿ ನಿವೃತ್ತಿಯ ದುಡ್ಡು ಇದೆ, ಬಾಡಿಗೆ ಬರುತ್ತದೆ, ಮಗ ದೂರದಲ್ಲಿದ್ದಾನೆ, ಮನೆಯಲ್ಲಿ ಇಬ್ಬರೇ ವಯಸ್ಸಾದವರು. ಯಾರ ಹೆಸರು ಹೇಳಿದರೆ ಈ ತಂದೆ ಗಾಬರಿಯಾಗುತ್ತಾರೆ ಅನ್ನುವುದು ಕೂಡ.

ಹಿಂದೆಯೂ ಈ ವಿವರಗಳನ್ನು ಕೊಡುತ್ತಿದ್ದರು. ಜಾತಕ ಒಂದು ಕವರಿನಲ್ಲಿ ಹೋಗುತ್ತಿತ್ತು. ಒಯ್ಯುವವರು ಎರಡೂ ಮನೆಗೆ ಗೊತ್ತಿದ್ದವರು. ಸಂಬಂಧ ಕೂಡಲಿಲ್ಲ ಅಂದರೆ ಜಾತಕವನ್ನೂ ಫೋಟೊವನ್ನೂ ವಾಪಸ್ ಕೊಡುವುದು ಮರ್ಯಾದೆಯ ಪ್ರಶ್ನೆಯಾಗಿತ್ತು. ಹುಡುಗಿಯ ಫೋಟೊ ಇಟ್ಟುಕೊಂಡರೆ ಆಡಿಕೊಳ್ಳುತ್ತಿದ್ದರು. ಆ ವಾಪಸ್ ಕೊಡುವ ಪದ್ಧತಿ ಸದ್ದಿಲ್ಲದೆ ಹೋಯಿತು. ಈಗಿನ ಹಾಳೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಅವಳ ಅಪ್ಪನಿಗೂ ಗೊತ್ತಿಲ್ಲ. ಒಂದು ಗುಂಪಿನಿಂದ ಜಿಲ್ಲೆಯ ಗುಂಪಿಗೆ, ಅಲ್ಲಿಂದ ರಾಜ್ಯದ ಗುಂಪಿಗೆ, ಅಲ್ಲಿಂದ ಯಾವುದೋ ಮದುವೆ ದಲ್ಲಾಳಿಯ ಟೆಲಿಗ್ರಾಂ ಚಾನೆಲ್ಲಿಗೆ.

ಅವಳಿಗೆ ಆದ ತೊಂದರೆ ದುಡ್ಡಿನದಲ್ಲ. ರಾತ್ರಿ ಹತ್ತರ ಮೇಲೆ ಗುರುತಿಲ್ಲದ ಗಂಡಸರ ಕರೆ. “ಬಯೋಡೇಟಾ ನೋಡಿದೆ, ಮಾತಾಡಬಹುದಾ?” ಮದುವೆಯಾಗಿದೆ ಅಂದರೂ ಬಿಡದವರು. ಗಂಡನ ಮನೆಯಲ್ಲಿ ಎಲ್ಲರ ಮುಂದೆ ಫೋನ್ ಬಂದಾಗ ಅವಳಿಗೆ ಆಗುತ್ತಿದ್ದ ಮುಜುಗರ ಯಾರಿಗೆ ಹೇಳುವುದು. ನಂಬರ್ ಬದಲಾಯಿಸು ಅಂತ ಸುಲಭವಾಗಿ ಹೇಳಿಬಿಟ್ಟೆವು. ಆ ನಂಬರು ಆಧಾರ್‌ಗೆ ಜೋಡಣೆಯಾಗಿದೆ, ಬ್ಯಾಂಕಿಗೆ, ಪಿಎಫ್‌ಗೆ, ಪ್ಯಾನ್‌ಗೆ, ಆಫೀಸಿಗೆ, ಮಗುವಿನ ಲಸಿಕೆಯ ದಾಖಲೆಗೆ. ರಜೆ ಹಾಕಿ ಆಧಾರ್ ಕೇಂದ್ರಕ್ಕೂ ಬ್ಯಾಂಕಿಗೂ ಅಲೆದಳು. ಹಾಳೆ ಹಂಚಿದವರು ಯಾರೂ ಅಲೆಯಲಿಲ್ಲ.

ಆ ಫೋಟೊಗಳ ಚಿಂತೆ ಬೇರೆಯೇ. 2023ರ ನವೆಂಬರಿನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಹೆಣ್ಣುಮಗಳ ವಿಡಿಯೊಗೆ ಅಂಟಿಸಿ ಹರಿಬಿಟ್ಟಾಗ ದೇಶವೇ ಮಾತಾಡಿತು, ದೆಹಲಿ ಪೊಲೀಸರು ಆರೋಪಿಯನ್ನು ಹಿಡಿದರು. ಕೊಡಗಿನ ಆ ಹುಡುಗಿಯ ಬೆನ್ನಿಗೆ ಹೆಸರಿತ್ತು. ತಿಪಟೂರಿನ ಹುಡುಗಿಯ ಬೆನ್ನಿಗೆ ಯಾರಿರುತ್ತಾರೆ?

ಹೀಗೆ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದ ತುಣುಕುಗಳು ಒಂದು ಕಡೆ ಸೇರಿದಾಗ ಏನಾಗುತ್ತದೆ ಅಂತ, ವಿಡಿಯೊ ಕರೆಯಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುವ ‘ಡಿಜಿಟಲ್ ಅರೆಸ್ಟ್’ ಪ್ರಕರಣಗಳಲ್ಲಿ ನೋಡುತ್ತಿದ್ದೇವೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ಬಗ್ಗೆ ಮಾತಾಡುತ್ತ ಒಂದು ಧ್ವನಿಮುದ್ರಣ ಕೇಳಿಸಿದರು. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿದ ವಂಚಕನಿಗೆ ಬಗ್ಗದೆ, ಅದನ್ನು ಚಿತ್ರೀಕರಿಸಿಕೊಂಡ ನಮ್ಮ ವಿಜಯಪುರದವರೊಬ್ಬರದು ಅದು. ಈ ಮೋಸದ ಮೊದಲ ಹಂತವೇ ಬಲಿಯಾಗುವವರ ವೈಯಕ್ತಿಕ ವಿವರ ಕಲೆಹಾಕುವುದು ಅಂತ ಆ ಮಾತಿನಲ್ಲೇ ಇತ್ತು. ಹೋದ ತಿಂಗಳು ಎಲ್ಲಿಗೆ ಪ್ರವಾಸ ಹೋಗಿದ್ದಿರಿ, ಮಗಳು ಎಲ್ಲಿ ಓದುತ್ತಿದ್ದಾಳೆ, ಇಷ್ಟು ಹೇಳಿಬಿಟ್ಟರೆ ಕೇಳುವವರ ಕೈಕಾಲು ತಣ್ಣಗಾಗುತ್ತದೆ. ಇಷ್ಟೆಲ್ಲ ಗೊತ್ತಿರುವವನು ನಿಜವಾದ ಅಧಿಕಾರಿಯೇ ಇರಬೇಕು ಅನ್ನಿಸಿಬಿಡುತ್ತದೆ.

ಬಲಿಯಾದವರನ್ನು ದಡ್ಡರು ಅನ್ನುವವರ ಜೊತೆ ನನಗೆ ಜಗಳ ಇರುವುದು ಇಲ್ಲೇ. ನಿವೃತ್ತ ಅಧಿಕಾರಿಗಳು, ವೈದ್ಯರು, ಎಂಜಿನಿಯರುಗಳು ಸಿಕ್ಕಿಬಿದ್ದಿದ್ದಾರೆ. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ ಅಂತ ಅವರಲ್ಲಿ ಎಷ್ಟೋ ಜನ ಓದಿದ್ದಿರಬಹುದು. ಮಗಳ ಹೆಸರು, ಅವಳ ಹಾಸ್ಟೆಲ್ಲಿನ ಹೆಸರು ಗುರುತಿಲ್ಲದ ಬಾಯಲ್ಲಿ ಕೇಳಿದ ಆ ಕ್ಷಣಕ್ಕೆ ಓದಿದ್ದು ನೆನಪಿಗೆ ಬರುವುದಿಲ್ಲ. ಮಗಳ ಹಾಸ್ಟೆಲ್ ಯಾವುದು ಅಂತ ವಂಚಕನಿಗೆ ಹೇಳಿದ್ದು ಆ ತಂದೆ ಆಗಿರಬೇಕಿಲ್ಲ. ಅವಳ ಪಿಯುಸಿ ಫಲಿತಾಂಶ ಬಂದಾಗ ಸಂತೋಷ ತಡೆಯಲಾರದೆ ಪೋಸ್ಟ್ ಹಾಕಿದ ಸೋದರತ್ತೆ ಇರಬಹುದು.

ಇದಕ್ಕೆ ಕಾನೂನು ಏನು ಮಾಡುತ್ತದೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪಿಗೆ ಹೆಸರು ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದವರು ಅವರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ದೇಶದ ಪ್ರತಿ ಖಾಸಗಿತನದ ಚರ್ಚೆಯಲ್ಲಿ ಬರುವ ಈ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕಾಗಿತ್ತು. ಬೆಂಗಳೂರಿನಲ್ಲೇ ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿ ನೋಡಿ.

ಆ ತೀರ್ಪಿನ ಆರು ವರ್ಷದ ಮೇಲೆ, 2023ರ ಆಗಸ್ಟಿನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಬರಲು 2025ರ ನವೆಂಬರ್ ಆಯಿತು. ಮುಖ್ಯ ಹೊಣೆಗಾರಿಕೆಗಳಿಗೆ ಮತ್ತೆ 18 ತಿಂಗಳ ಕಾಲಾವಕಾಶ. ಮಾಹಿತಿ ಸೋರಿಕೆಯಾಗದಂತೆ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಕೇಳಲು ದೊಡ್ಡ ಮೊತ್ತ. ಆದರೆ ಕಾಯ್ದೆಯ ಮೂರನೇ ಕಲಂ ಓದಿ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಾವೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಅಂದರೆ ಮಾವ ಕಳಿಸಿದ ಬಯೋಡೇಟಾ, ಅತ್ತೆ ಹಾಕಿದ ಫಲಿತಾಂಶದ ಪೋಸ್ಟು, ನಾವೇ ಎಲ್ಲರಿಗೂ ಕಾಣುವ ಹಾಗೆ ಹಾಕಿಕೊಂಡ ಹುಟ್ಟುಹಬ್ಬ, ಇವೆಲ್ಲ ಬಹುಮಟ್ಟಿಗೆ ಕಾನೂನಿನ ಬೇಲಿಯ ಆಚೆಗೆ ಬೀಳುತ್ತವೆ. ಅದು ಸರಿಯೂ ಹೌದು ಅನ್ನಿಸುತ್ತದೆ. ಮನೆಯ ಮಾತುಕತೆಯೊಳಗೆ ಸರ್ಕಾರ ತಲೆ ಹಾಕುವುದು ನನಗೂ ಬೇಡ. ಹಾಗಿದ್ದ ಮೇಲೆ ಅಷ್ಟು ಜಾಗದ ಹೊಣೆ ಪೂರ್ತಿ ನಮ್ಮ ಮೇಲೇ ಬಿತ್ತು.

ನಮ್ಮ ಗುಂಪಿನಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ಕೇಳಿದ್ದು ಸಹಜವಾದ ಪ್ರಶ್ನೆ: “ಫೋನ್ ನಂಬರ್ ಇಲ್ದೆ, ಮನೆತನ ಹೇಳ್ದೆ ಸಂಬಂಧ ಹೆಂಗಪ್ಪಾ ಕುದುರುತ್ತೆ?” ಕುದುರಲ್ಲ, ನಿಜ. ಚರ್ಚೆಯಾಗಿ ಕೊನೆಗೆ ಒಪ್ಪಿಕೊಂಡದ್ದು ಇಷ್ಟು. ಗುಂಪಿಗೆ ಹಾಕುವ ಹಾಳೆಯಲ್ಲಿ ಹೆಸರು, ಓದು, ಕೆಲಸದ ಬಗೆ, ನಕ್ಷತ್ರ, ಯಾವ ತಾಲ್ಲೂಕು, ಹಿರಿಯರೊಬ್ಬರ ಒಂದು ನಂಬರು. ಹುಡುಗಿಯ ನಂಬರು ಬೇಡ. ಫೋಟೊ, ಜನನ ಸಮಯ, ಆಸ್ತಿ ವಿವರ ಎರಡು ಮನೆಯವರು ಮಾತಾಡಿದ ಮೇಲೆ ನೇರವಾಗಿ ಕಳಿಸುವುದು. ಮದುವೆ ಗೊತ್ತಾದ ದಿನ ಹಾಳೆ ಹಾಕಿದವರೇ ಬಂದು “ಗೊತ್ತಾಗಿದೆ, ಅಳಿಸಿ” ಅಂತ ಬರೆಯುವುದು. ಎಲ್ಲರೂ ಪಾಲಿಸುತ್ತಿಲ್ಲ. ಕೆಲವರಿಗೆ ಆಸ್ತಿ ಹೇಳಿಕೊಳ್ಳದಿದ್ದರೆ ಸಮಾಧಾನವಿಲ್ಲ. ಆದರೂ ಒಂದಷ್ಟು ಜನ ಪಾಲಿಸುತ್ತಿದ್ದಾರೆ, ಹೆಚ್ಚಿನವರು ಹೆಣ್ಣುಮಕ್ಕಳ ತಾಯಂದಿರು.

ಮಕ್ಕಳ ಫೋಟೊ ಬಗ್ಗೆ ಒಂದೇ ಮಾತು. ಯೂನಿಫಾರ್ಮಿನ ಮೇಲೆ ಶಾಲೆಯ ಲಾಂಛನ, ಕೊರಳಲ್ಲಿ ಹೆಸರು ಮತ್ತು ತರಗತಿಯ ಗುರುತಿನ ಚೀಟಿ, ಹಿಂದೆ ವ್ಯಾನಿನ ನಂಬರು ಕಾಣುವ ಫೋಟೊವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಅಜ್ಜಿ-ತಾತನಿಗೆ ಬೇಕಾದರೆ ಅವರಿಬ್ಬರಿಗೇ ಕಳಿಸಿ.

ಇಷ್ಟೆಲ್ಲ ಆದ ಮೇಲೂ ದುಡ್ಡು ಹೋಗಬಹುದು. ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡಮಾಡದೆ. ದುಡ್ಡು ಖಾತೆಯಿಂದ ಖಾತೆಗೆ ಜಿಗಿದು ನಗದಾಗಿ ಕೈಸೇರುವ ಮುಂಚೆ ತಡೆಯುವುದಕ್ಕೆ ಇರುವ ದಾರಿ ಅದು. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಅನ್ನುವಂಥ ಪ್ರಕರಣದಲ್ಲಿ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ತಲೆಗೆ ಬರಬಾರದು. ಬೆರಳಚ್ಚಿನ ಪ್ರಕರಣಗಳಲ್ಲಿ ಹಿಡಿದು ಕೇಳಬೇಕಾದ ನಿಯಮ ಇದು. ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಆದರೆ ಆ ಮೂರು ದಿನ ಕಳೆದುಹೋಗುವುದು ಹೆಚ್ಚಾಗಿ ಮನೆಯೊಳಗೇ. ಮಗ ಬೈಯುತ್ತಾನೆ, ಸೊಸೆ ಏನಂದುಕೊಳ್ಳುತ್ತಾಳೋ ಅಂತ ವಯಸ್ಸಾದವರು ಬಾಯಿ ಬಿಡುವುದಿಲ್ಲ. “ನೀವ್ಯಾಕೆ ಕೊಟ್ರಿ” ಅನ್ನುವ ಪ್ರಶ್ನೆ ಇನ್ನೂ ಕೇಳುವ ಮುಂಚೆಯೇ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ.

ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಆಧಾರ್‌ನಲ್ಲಿದೆ. ಮೈಆಧಾರ್ ಜಾಲತಾಣದಲ್ಲೋ ಆಧಾರ್‌ನ ಆ್ಯಪಿನಲ್ಲೋ ಹೋಗಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ನಿಮ್ಮ ಬೆರಳನ್ನು, ಅದರ ಅಚ್ಚನ್ನು, ಯಾವ ಯಂತ್ರವೂ ಒಪ್ಪುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಪೇಟೆಯಲ್ಲಿರುವ ನಮ್ಮಂಥವರು ಇವತ್ತೇ ಮಾಡಿಕೊಳ್ಳಬೇಕಾದ ಕೆಲಸ. ನಮಗೆ ಹೆಬ್ಬೆರಳು ಬೇಕಾಗುವುದು ಅಪರೂಪಕ್ಕೆ, ಸಿಮ್ ತೆಗೆದುಕೊಳ್ಳುವಾಗಲೋ ಏನೋ.

ಊರಿಗೆ ಹೋದಾಗ ದೊಡ್ಡಮ್ಮನದಕ್ಕೂ ಲಾಕ್ ಮಾಡೋಣ ಅಂತ ಕೂತೆ. ಜಗುಲಿಯ ಮೇಲೆ ಅವರ ಫೋನು ಹಿಡಿದು ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದರು, “ಅಲ್ಲ ಕಣಪ್ಪ, ರೇಷನ್ನಿಗೆ ಹೆಬ್ಬೆಟ್ಟು ಕೊಡಬೇಕು. ಗೃಹಲಕ್ಷ್ಮಿ ದುಡ್ಡು ತೆಗೆಯಕ್ಕೂ ಹೆಬ್ಬೆಟ್ಟೇ. ಬೀಗ ಹಾಕ್ಬುಟ್ಟು ನೀನು ಬೆಂಗ್ಳೂರಿಗೆ ಹೋದ್ರೆ ಇಲ್ಲಿ ತೆಗೆಯೋರ್ಯಾರು?”

ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಬೆರಳೇ ಸಹಿ, ಬೆರಳೇ ಪಾಸ್‌ಬುಕ್ಕು. ಕಳುವಾದರೆ ಹೆಚ್ಚು ನಷ್ಟ ಆಗುವುದು ಅವರಿಗೆ, ಬೀಗ ಹಾಕಿಕೊಂಡು ನೆಮ್ಮದಿಯಾಗಿರಲು ಆಗದವರೂ ಅವರೇ. ಬೀಗ ತೆರೆಯಲು ಓಟಿಪಿ ಅವರ ಫೋನಿಗೆ ಬರುತ್ತದೆ. ಬೆಂಗಳೂರಿನಲ್ಲಿ ಕೂತು ನಾನೋ ಮೊಮ್ಮಗಳೋ ತೆರೆಯಬೇಕಾದರೆ ಆ ಸಂಖ್ಯೆಯನ್ನು ಅವರು ಫೋನಿನಲ್ಲಿ ಓದಿ ಹೇಳಬೇಕು. ಓಟಿಪಿಯನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳಬೇಡಿ ಅಂತ ಅವರಿಗೆ ಬಾಯಿಪಾಠ ಮಾಡಿಸಿದವರೂ ನಾವೇ.

ಮೊಮ್ಮಗಳು ಒಂದು ದಾರಿ ಹುಡುಕಿದಳು. ರೇಷನ್ ಕೊಡುವ ದಿನ ಅಂಗಡಿಯ ಸಾಲು ಹತ್ತಿರ ಬಂದಾಗ ದೊಡ್ಡಮ್ಮನೇ ನಮಗೆ ಫೋನ್ ಮಾಡಬೇಕು, ಫೋನಿನಲ್ಲಿ ಸೇವ್ ಮಾಡಿಟ್ಟ ಹೆಸರು ಒತ್ತಿ. ಆ ಕರೆಯಲ್ಲಿ ಮಾತ್ರ ಓಟಿಪಿ ಓದಬಹುದು. ನಮ್ಮ ಕಡೆಯಿಂದ ಬಂದ ಕರೆಯಲ್ಲಿ, ದನಿ ನಮ್ಮದೇ ಅಂತ ಅನ್ನಿಸಿದರೂ, ನಾವು ಅತ್ತು ಕರೆದು ಕೇಳಿದರೂ, ಹೇಳಕೂಡದು. ದೊಡ್ಡಮ್ಮ ಒಪ್ಪಿಕೊಂಡಿದ್ದಾರೆ. ಹೋದ ತಿಂಗಳು ಪರೀಕ್ಷೆ ಮಾಡೋಣ ಅಂತ ಮೊಮ್ಮಗಳು ತಾನಾಗಿ ಫೋನ್ ಮಾಡಿ ಕೇಳಿದಳು. “ಇಡು ಫೋನು, ನಾನೇ ಮಾಡ್ತೀನಿ,” ಅಂತ ಇಟ್ಟುಬಿಟ್ಟರು.